ರಾಜಾಸಾಬರ ಎಡಗೈ ಮತ್ತು ನನ್ನ ಮಿಡಿ ಪೆಟ್ಟಿಗೆ

ನನ್ನ ಅಣ್ಣನ ಮೊಮ್ಮಗಳು ಸೌಂಡ್ ಎಂಜಿನಿಯರಿಂಗ್ ಕಲಿಯುತ್ತಿದ್ದಾಳೆ. ಮೊನ್ನೆ ಮನೆಗೆ ಬಂದವಳು, “ಅಜ್ಜ, ನಿಮ್ಮ ಕಾಲದಾಗೆ ಯಾವ ಪ್ಲಗಿನ್ ಬಳಸ್ತಿದ್ರಿ?” ಅಂತ ಕೇಳಿದಳು. “ನಮ್ಮ ಕಾಲದಾಗೆ ಪ್ಲಗ್ಗೇ ಸರಿಯಾಗಿ ಕೂಡ್ತಿರಲಿಲ್ಲವ್ವ, ಬೆಂಕಿಕಡ್ಡಿ ಸಿಗಿಸಿ ಕೂಡಿಸ್ತಿದ್ವಿ” ಅಂದೆ. ನಗುತ್ತಾಳೆ ಅಂದುಕೊಂಡರೆ ಅವಳು ನೋಟ್‌ಬುಕ್ಕು ತೆಗೆದು ಬರೆದುಕೊಂಡಳು. ಅಷ್ಟು ಶ್ರದ್ಧೆ ಇರುವವಳಿಗೆ ಅರ್ಧಂಬರ್ಧ ಹೇಳಬಾರದು ಅನ್ನಿಸಿ ಈಗ ಕೂತು ಬರೆಯುತ್ತಿದ್ದೇನೆ. ನನ್ನ ಸಂಬಳ ಯಾವಾಗ ಏರಿತು, ಯಾರು ನನಗೆ ಶಾಲು ಹೊದಿಸಿದರು ಅನ್ನುವುದೆಲ್ಲ ಇದರಲ್ಲಿಲ್ಲ. ಕೆಟ್ಟದ್ದು, ಕೆಡಿಸಿದ್ದು, ಬೈಸಿಕೊಂಡದ್ದು ಮಾತ್ರ ಇದೆ. ಕಲಿಯುವವರಿಗೆ ಬೇಕಾದದ್ದು ಅದೇ.

ನಾನು ಮೂಲತಃ ರೇಡಿಯೋ ರಿಪೇರಿಯವನು. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಶಿವಾನಂದಪ್ಪನವರಿಗೆ ಕ್ಯಾಸೆಟ್ ಹುಚ್ಚು ಹಿಡಿದಾಗ, ನಿಟ್ಟುವಳ್ಳಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ ಹಿಡಿದು ಸ್ಟುಡಿಯೋ ಮಾಡಿದರು. ವೈರು ಎಳೆಯಲು ನನ್ನನ್ನು ಕರೆದರು. ಎಳೆದ ವೈರು ಯಾವುದು ಎಲ್ಲಿಗೆ ಹೋಗುತ್ತದೆ ಅಂತ ನನಗೊಬ್ಬನಿಗೇ ಗೊತ್ತಿದ್ದರಿಂದ ನಾನೇ ಅಲ್ಲಿ ಎಂಜಿನಿಯರ್ ಆದೆ. ಬೇರೆ ಅರ್ಹತೆ ಏನೂ ಇರಲಿಲ್ಲ. ಎಲ್ಲರೂ ಸಾಹುಕಾರ್ರು ಅನ್ನುತ್ತಿದ್ದ ಶಿವಾನಂದಪ್ಪನವರಿಗೆ ಸಂಗೀತ ಅಂದರೆ ಪ್ರಾಣ, ಆದರೆ ಶ್ರುತಿ-ತಾಳ ಎರಡೂ ಗೊತ್ತಿರಲಿಲ್ಲ. ಹಾಡು ಚೆನ್ನಾಗಿದೆಯೋ ಇಲ್ಲವೋ ಅನ್ನುವುದನ್ನು ಅವರು ಟೀ ತರುವವನ ಮುಖ ನೋಡಿ ತೀರ್ಮಾನಿಸುತ್ತಿದ್ದರು. ಹೇಳಬೇಕೆಂದರೆ ಆ ತೀರ್ಮಾನ ತಪ್ಪಿದ್ದು ಕಡಿಮೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸ್ಟುಡಿಯೋಗೆ ಒಂದು ಕಂಪ್ಯೂಟರ್, ಎರಡು ಕೀಬೋರ್ಡ್, ದನಿಯನ್ನು ತುಂಡು ತುಂಡಾಗಿ ಹಿಡಿದಿಟ್ಟು ಬೇಕೆಂದಾಗ ಬಾರಿಸುವ ಒಂದು ಸ್ಯಾಂಪ್ಲರ್ ಬಂದಿದ್ದವು. ಇವೆಲ್ಲ ತಮ್ಮ ತಮ್ಮೊಳಗೆ ಮಾತಾಡುವ ಭಾಷೆಗೆ ಮಿಡಿ ಎಂದು ಹೆಸರು. ಮಿಡಿ ವೈರಿನಲ್ಲಿ ದನಿ ಹರಿಯುವುದಿಲ್ಲ, ಅಪ್ಪಣೆ ಹರಿಯುತ್ತದೆ. ಈ ಸ್ವರ ಬಾರಿಸು, ಇಷ್ಟು ಜೋರಾಗಿ ಬಾರಿಸು, ಈಗ ಏರಿಸು, ಈಗ ಇಳಿಸು ಎಂದು ಒಂದು ಯಂತ್ರ ಇನ್ನೊಂದಕ್ಕೆ ಸೊನ್ನೆಯಿಂದ ನೂರಿಪ್ಪತ್ತೇಳರವರೆಗಿನ ಅಂಕಿಯಲ್ಲಿ ಹೇಳುತ್ತದೆ.

ಒಂದು ದಿನ ಸಾಹುಕಾರ್ರು ಮುಂಬೈಯಿಂದ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದರು. “ಏನಿದು ಸಾಹುಕಾರ್ರೆ?” ಅಂದೆ. “ನಂಗೇನ್ ಗೊತ್ತೋ ಮಾರಾಯ, ಅಂಗಡಿಯಾವ ಒಳ್ಳೇದೈತೆ ಅಂದ. ನೀನು ನೋಡಿ ನಂಗೆ ಹೇಳು” ಅಂದರು. ಎರಡು ದಿನ ಅದರೊಂದಿಗೆ ಬಂದ ಪುಸ್ತಕ ಓದಿದ ಮೇಲೆ ತಿಳಿಯಿತು. ಅದಕ್ಕೆ ಮೈಕಿನ ದನಿ ಕೊಟ್ಟರೆ, ದನಿ ಎಷ್ಟು ಜೋರಿದೆ ಅಂತ ಅಳೆದು, ಆ ಅಳತೆಯನ್ನೇ ಮಿಡಿ ಅಪ್ಪಣೆ ಮಾಡಿ ಕಳಿಸುತ್ತದೆ. ಹಾಡುವವರು ದನಿ ಏರಿಸಿದರೆ ಕೀಬೋರ್ಡಿನ ಪಿಟೀಲುಗಳು ತಾವೇ ಏರುತ್ತವೆ, ಇಳಿಸಿದರೆ ಇಳಿಯುತ್ತವೆ. ಡೋಲಿಗೆ ಒಂದು ಏಟು ಬಿದ್ದರೆ ಸ್ಯಾಂಪ್ಲರಿನಲ್ಲಿ ಒಂದು ಏಟು ಬೀಳುತ್ತದೆ. ಮನೆಯ ಹಿರಿಯರು ಒಳಗೆ ಕೆಮ್ಮಿದರೆ ಪಡಸಾಲೆಯಲ್ಲಿ ಕೂತವರೆಲ್ಲ ಎದ್ದು ನಿಲ್ಲುತ್ತಾರಲ್ಲ, ಹಾಗೆ. ಸಾಹುಕಾರ್ರಿಗೆ ಇದನ್ನು ಹೀಗೇ ವಿವರಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು, ಯಾಕೆಂದರೆ ಅವರ ಮನೆಯಲ್ಲಿ ಕೆಮ್ಮುವವರು ಅವರೇ.

ಪೆಟ್ಟಿಗೆಯನ್ನು ಮೊದಲು ಬಳಸಿದ್ದು ಹದಡಿಯ ಭಜನಾ ಮೇಳಕ್ಕೆ. ಹನ್ನೊಂದು ಜನ, ಹನ್ನೊಂದು ಜೊತೆ ತಾಳ. ಮುಖ್ಯ ಗಾಯಕರ ಮೈಕನ್ನು ಪೆಟ್ಟಿಗೆಗೆ ಕೊಟ್ಟು, ಅವರ ದನಿಯ ಏರಿಳಿತಕ್ಕೆ ಪಿಟೀಲುಗಳು ಏರಿಳಿಯುವಂತೆ ಮಾಡಿ, ನಾನು ಜಂಬದಿಂದ ಕಾಲ ಮೇಲೆ ಕಾಲು ಹಾಕಿ ಕೂತೆ. ಈ ಮೇಳದವರಿಗೆ ಪ್ರತಿ ಹಾಡಿಗೆ ಮುಂಚೆ ಒಂದು ಜೈಕಾರ ಹಾಕುವ ಪದ್ಧತಿ. ಅದು ನನ್ನ ಲೆಕ್ಕದಲ್ಲಿರಲಿಲ್ಲ. ಹನ್ನೊಂದು ಗಂಟಲು ಒಟ್ಟಿಗೆ “ಹರ ಹರ ಮಹಾದೇವ” ಅಂದದ್ದೇ ತಡ, ಪೆಟ್ಟಿಗೆ ನೂರಿಪ್ಪತ್ತೇಳು ಅಂದುಬಿಟ್ಟಿತು. ಕೀಬೋರ್ಡಿನೊಳಗಿದ್ದ ಪಿಟೀಲುಗಳೆಲ್ಲ ಒಮ್ಮೆಗೇ ಅಬ್ಬರಿಸಿದವು. ನಾನು ಹೆಡ್‌ಫೋನ್ ಕಿತ್ತೆಸೆದು, “ತಪ್ಪಾತು, ನಿಲ್ಲಿಸ್ರಿ, ಸರಿ ಮಾಡ್ತೀನಿ” ಅಂತ ಓಡಿದೆ. ಮೇಳದ ಹಿರಿಯರು ಕೈ ಮುಗಿದು ಕಣ್ಣು ಮುಚ್ಚಿ ಕೂತಿದ್ದರು. “ಸ್ವಾಮಿ ಬಂದಂಗಾತಲ್ರಿ! ಅದನ್ನ ತೆಗೀಬ್ಯಾಡ್ರಿ. ಎಲ್ಲಾ ಹಾಡಿಗೂ ಹಂಗೇ ಬರ್ಲಿ” ಅಂದರು. ಎಲ್ಲಾ ಹಾಡಿಗೂ ಹಾಗೇ ಬಂತು. ಆ ಕ್ಯಾಸೆಟ್ ಸುತ್ತಮುತ್ತ ಬಹಳ ದಿನ ಓಡಿತು. ನನ್ನ ಜಾಣತನಕ್ಕಿಂತ ನನ್ನ ತಪ್ಪೇ ಜನಕ್ಕೆ ಹಿಡಿಸಿದ್ದು ಅದೇ ಮೊದಲಲ್ಲ.

ಎರಡನೇ ತಪ್ಪು ಯಾರಿಗೂ ಹಿಡಿಸಲಿಲ್ಲ. ಎಷ್ಟು ಸಣ್ಣ ಸದ್ದಿಗೆ ಕಿವಿಗೊಡಬಾರದು ಅಂತ ಪೆಟ್ಟಿಗೆಗೆ ಮೊದಲೇ ಒಂದು ಗೆರೆ ಹಾಕಿಕೊಡಬೇಕು. ಆ ಗೆರೆಯ ಕೆಳಗಿನದು ಗದ್ದಲ, ಮೇಲಿನದು ಸಂಗೀತ. ನಾನು ಅದನ್ನು ಮಧ್ಯಾಹ್ನ ಗಿರಣಿಯವನು ಊಟಕ್ಕೆ ಹೋದಾಗ ಹಾಕಿದೆ. ನಾಲ್ಕು ಗಂಟೆಗೆ ಹರಿಹರದ ನೀಲಮ್ಮ ಹಾಡಲು ನಿಂತರು. ಆಕೆ ಅಲ್ಲಿ ಪ್ರೈಮರಿ ಶಾಲೆಯ ಮೇಡಂ, ನಮ್ಮ ಸ್ಟುಡಿಯೋದ ಮುಖ್ಯ ಗಾಯಕಿ. ಅದೇ ಹೊತ್ತಿಗೆ ಕೆಳಗೆ ಗಿರಣಿ ಶುರುವಾಯಿತು. ನೆಲದಿಂದ ಮೈಕಿನ ಸ್ಟ್ಯಾಂಡು ಹತ್ತಿ ಬಂದ ದಡ್ ದಡ್ ಸದ್ದನ್ನೆಲ್ಲ ಪೆಟ್ಟಿಗೆ ನಿಷ್ಠೆಯಿಂದ ಡೋಲು ಮಾಡಿ ಬಾರಿಸಿತು. ನೀಲಮ್ಮ ಪಾಪ, ಅದೇ ತಾಳ ಇರಬೇಕು ಅಂತ ಅದನ್ನು ಹಿಡಿದು ಹಾಡುತ್ತ ಹೋದರು. ಯಾರೋ ಜೋಳ ಜಾಸ್ತಿ ಸುರಿದಾಗಲೆಲ್ಲ ಬೆಲ್ಟು ನಿಧಾನವಾಗಿ ತಾಳವೂ ಜಗ್ಗುತ್ತಿತ್ತು. ಸಾಹುಕಾರ್ರು ಕೇಳಿ, “ಕ್ಯಾಸೆಟ್ ಮ್ಯಾಗೆ ಗಿರಣಿ ಬಸಣ್ಣನ ಹೆಸರೂ ಹಾಕಾಣೇನು?” ಅಂದರು. ಮಕ್ಕಳೇ, ಗೆರೆ ಹಾಕುವಾಗ ಊರಿನ ಗದ್ದಲ ಪೂರ್ತಿ ಇದ್ದಾಗಲೇ ಹಾಕಿ.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ದನಿಯ ಪ್ರತಿಯೊಂದು ಅಲುಗಾಟವನ್ನೂ ಅಪ್ಪಣೆ ಮಾಡಿ ಕಳಿಸಿದರೆ ಆ ಸಣ್ಣ ವೈರು ಸಂತೆದಿನದ ರಸ್ತೆಯಂತೆ ಕಟ್ಟಿಕೊಳ್ಳುತ್ತದೆ, ಬಾರಿಸಬೇಕಾದ ಸ್ವರ ತಡವಾಗಿ ಬಂದು ತಲುಪುತ್ತದೆ. ಹತ್ತು ಅಪ್ಪಣೆಯಲ್ಲಿ ಎಂಟನ್ನು ಅಳಿಸಿದರೂ ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಅಣ್ಣನ ಮೊಮ್ಮಗಳು ಇದನ್ನೂ ಬರೆದುಕೊಳ್ಳಲಿ.

ಈಗ ರಾಜಾಸಾಬರ ವಿಷಯ. ಇದನ್ನು ಹೇಳಲಿಕ್ಕೇ ಇಷ್ಟು ಹೊತ್ತು ಸುತ್ತುತ್ತಿದ್ದೆ.

ಗಾದಿ ಹೊಲಿಯುವುದು ರಾಜಾಸಾಬರ ಮನೆತನದ ಕಸುಬು. ಸ್ಟುಡಿಯೋ ಗೋಡೆಗೆ ಹತ್ತಿಯ ಗಾದಿ ಹೊಡೆಯಲು ಬಂದವರು, ಮೂಲೆಯಲ್ಲಿದ್ದ ತಬಲಾ ಜೋಡಿ ಕಂಡು ಸೂಜಿ ದಾರ ಬದಿಗಿಟ್ಟು ಕೂತರು. ಅರ್ಧ ಗಂಟೆಯಲ್ಲಿ ಸಾಹುಕಾರ್ರು ಅವರನ್ನು ನಮ್ಮ ತಬಲಾದವರನ್ನಾಗಿ ಮಾಡಿಕೊಂಡರು, ಗಾದಿ ಕೆಲಸ ಒಂದು ವಾರ ನಿಂತಿತು. ಬಲಗೈಯ ತಬಲಾ ಯಾರಾದರೂ ಬಾರಿಸುತ್ತಾರೆ. ಎಡಗೈಯ ಡಗ್ಗಾದಿಂದ ಅವರು ತೆಗೆಯುತ್ತಿದ್ದ ದಪ್ಪ ದನಿ, ಮಣಿಕಟ್ಟು ಒತ್ತಿ ಎಳೆದಾಗ ಬರುತ್ತಿದ್ದ ಆ ಗುಂಗು ಬೇರೆಯವರಲ್ಲಿ ನಾನು ಕೇಳಿಲ್ಲ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನನ್ನನ್ನು ಚಂದ್ರು ಅಂತಲೇ ಕರೆಯುತ್ತಿದ್ದರು.

ಒಂದು ಮಳೆಗಾಲ ಅವರಿಗೆ ಲಕ್ವಾ ಹೊಡೆಯಿತು. ಎಡಭಾಗ ಬಿತ್ತು. ಆರು ತಿಂಗಳಿಗೆ ಕಾಲು ಬಂತು, ಮಾತು ಬಂತು, ಕೈಯೂ ಅಲುಗಾಡಿತು. ಆದರೆ ಎಡಗೈಗೆ ಶಕ್ತಿಯೂ ಇರಲಿಲ್ಲ, ಸ್ಪರ್ಶವೂ ಇರಲಿಲ್ಲ. ಈ ಮಧ್ಯೆ ನೀಲಮ್ಮನ ತತ್ವಪದಗಳ ಕ್ಯಾಸೆಟ್ ಆಗಬೇಕಿತ್ತು. “ತಬಲಾ ಕೀಬೋರ್ಡಿನಾಗೇ ಐತಲ್ಲ, ಅದನ್ನೇ ಹಚ್ಚು” ಅಂದರು ಸಾಹುಕಾರ್ರು. ನೀಲಮ್ಮ, “ರಾಜಾಸಾಬಣ್ಣ ಕೂಡ್ತಾರೆ ಅಂದ್ರೆ ನಾನು ನಿಲ್ತೀನಿ. ಇಲ್ಲಾಂದ್ರೆ ಕೀಬೋರ್ಡಿನಾಗೆ ಹಾಡೋರೂ ಇದಾರೇನೋ ನೋಡ್ಕಳ್ರಿ” ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ರಾಜಾಸಾಬರು ಬಂದು ಕೂತರು. ಬಲಗೈ ಮೊದಲಿನ ಹಾಗೇ ಇತ್ತು. ಎಡಗೈ ಡಗ್ಗಾದ ಮೇಲೆ ಬಿದ್ದರೆ ದಿಂಬು ತಟ್ಟಿದ ಸದ್ದು. ಅವರು ತಲೆ ಎತ್ತಿ ನನ್ನನ್ನು ನೋಡಿದರು. “ಹೆಂಗೈತೆ ಚಂದ್ರು?” ಅಂದರು. “ಮೈಕು ಸರಿ ಇಲ್ಲ, ನಾಳೆ ಬರ್ರಿ” ಅಂದೆ. ಅದೇ ನನ್ನ ಮೊದಲನೇ ಸುಳ್ಳು.

ಅವತ್ತು ಇಡೀ ಮಧ್ಯಾಹ್ನ ಹಳೆಯ ಟೇಪುಗಳನ್ನು ಹುಡುಕಿದೆ. ಮೂರು ವರ್ಷದ ಹಿಂದೆ, ಹಾಡು ಶುರುವಾಗುವ ಮುಂಚೆ ಅವರು ಡಗ್ಗಾ ಒಂದನ್ನೇ ಬಾರಿಸಿ ನೋಡಿಕೊಂಡದ್ದು ಒಂದು ಟೇಪಿನಲ್ಲಿ ಸಿಕ್ಕಿತು. ಜೋರಾದ ಪೆಟ್ಟು, ನಡುವಿನದು, ಎಳೆದ ಗುಂಗು, ಮೂರೂ ಇದ್ದವು. ಅವನ್ನು ಬಿಡಿಸಿ ಸ್ಯಾಂಪ್ಲರಿಗೆ ತುಂಬಿದೆ. ಪೆಟ್ಟಿನ ಅದಿರನ್ನು ಹಿಡಿಯುವ, ಅಂಗಿ ಗುಂಡಿಯಷ್ಟಿರುವ ಒಂದು ಪಿಕಪ್ಪನ್ನು ಡಗ್ಗಾದ ಅಂಚಿಗೆ ಅಂಟಿಸಿ ಪೆಟ್ಟಿಗೆಗೆ ಕೊಟ್ಟೆ. ಅವರ ಕೈ ಎಷ್ಟೇ ಮೆಲ್ಲಗೆ ಬಿದ್ದರೂ ಪೆಟ್ಟಿಗೆ ಅದನ್ನು ಹತ್ತು ಪಟ್ಟು ಮಾಡಿ ಹೇಳುತ್ತಿತ್ತು, ಸ್ಯಾಂಪ್ಲರ್ ಅವರ ಹಳೆಯ ಪೆಟ್ಟನ್ನೇ ಬಾರಿಸುತ್ತಿತ್ತು. ಕೆಲಸದ ದೃಷ್ಟಿಯಿಂದ ಹೇಳುತ್ತೇನೆ, ಅದಕ್ಕಿಂತ ಅಚ್ಚುಕಟ್ಟಾದ ಕೆಲಸ ನಾನು ಜೀವಮಾನದಲ್ಲಿ ಮಾಡಿಲ್ಲ.

ಮರುದಿನ, “ಇದು ಹೊಸಾ ನಮೂನಿ ಮೈಕು” ಅಂತ ಹೇಳಿ ಅವರ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವರು ಎಡಗೈ ಇಳಿಸಿದರು. ಕಿವಿಯಲ್ಲಿ ಮೂರು ವರ್ಷದ ಹಿಂದಿನ ಡಗ್ಗಾ ಮೊಳಗಿತು. ಇನ್ನೊಮ್ಮೆ ಬಾರಿಸಿದರು. ಕಣ್ಣಲ್ಲಿ ನೀರು ಬಂತು. “ಚಂದ್ರು, ಬಂತು ನೋಡೋ! ಕೈ ಬಂತು ನೋಡೋ!” ಅಂದರು.

ಆಗಲೇ ಹೇಳಿಬಿಡಬೇಕಿತ್ತು. ನಾನು ಹೇಳಲಿಲ್ಲ. ಅವರ ಮುಖ ನೋಡಿ ನನಗೂ ಅಳು ಬಂದಿತ್ತು, ನಾಳೆ ಹೇಳಿದರಾಯಿತು ಅಂದುಕೊಂಡೆ. ಕೈಗೆ ಸ್ಪರ್ಶ ಇಲ್ಲದ ಮನುಷ್ಯನಿಗೆ ತಾನು ಎಷ್ಟು ಜೋರಾಗಿ ಬಾರಿಸಿದೆ ಅನ್ನುವುದಕ್ಕೆ ಕಿವಿಯೊಂದೇ ಸಾಕ್ಷಿ. ಆ ಸಾಕ್ಷಿಗೇ ನಾನು ಸುಳ್ಳು ಹೇಳಿಕೊಟ್ಟಿದ್ದೆ. ತಬಲಾ ಜೋಡಿ ಸ್ಟುಡಿಯೋದಲ್ಲೇ ಇರುತ್ತಿತ್ತು, ಮನೆಯಲ್ಲಿ ಬಾರಿಸಿ ನೋಡಲು ಅವರಿಗೆ ಏನೂ ಇರಲಿಲ್ಲ. ಅವರಿಗೂ ನೀಲಮ್ಮನಿಗೂ ಬಂದ ಕೂಡಲೇ ಹೆಡ್‌ಫೋನ್ ಹಾಕಿಬಿಡುತ್ತಿದ್ದೆ. ಎಂಟು ದಿನ, ಎಂಟು ಹಾಡು. ಟೀ ತರುವವನು ಪ್ರತಿ ಹಾಡಿಗೂ ಬಾಗಿಲಲ್ಲಿ ನಿಂತು ತಲೆ ತೂಗಿದ. ಸಾಹುಕಾರ್ರು ಖುಷಿಯಾಗಿ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು.

ಎಂಟನೇ ದಿನ ರಾಜಾಸಾಬರು ಮೆಣಸಿನಕಾಯಿ ಮುರಿಯುತ್ತ ಹೇಳಿದರು: “ಭಾನುವಾರ ಹರಿಹರದಾಗೆ ನೀಲವ್ವಂದು ಕಾರ್ಯಕ್ರಮ ಐತೆ. ತಬಲಾಕ್ಕೆ ನಾನೇ ಕೂಡ್ತೀನಿ ಅಂತ ಒಪ್ಕಂಡೀನಿ. ರಾಜಾಸಾಬನ ಕತೆ ಮುಗೀತು ಅಂದೋರು ಒಬ್ಬೊಬ್ರೂ ಬರ್ತಾರೆ. ಬರ್ಲಿ, ಕೇಳ್ಲಿ.”

ನಾನು ಕೈಯಲ್ಲಿದ್ದ ಮಂಡಕ್ಕಿ ಕೆಳಗಿಟ್ಟೆ. ವೇದಿಕೆಯ ಮೇಲೆ, ಎಲ್ಲರೆದುರು, ಆ ದಿಂಬು ತಟ್ಟಿದ ಸದ್ದು ಬರುತ್ತದೆ. ಇಷ್ಟು ವರ್ಷ ಗಳಿಸಿದ ಹೆಸರು ಒಂದು ಹಾಡಿಗೆ ಹೋಗುತ್ತದೆ, ಅದೂ ನನ್ನಿಂದ. ಸಾಹುಕಾರ್ರಿಗೆ ಹೇಳಿದೆ. “ಅದಕ್ಕೇನು, ಪೆಟ್ಟಿಗೆ ಹರಿಹರಕ್ಕೂ ಒಯ್ಯಿ. ಯಾರಿಗೆ ಗೊತ್ತಾಗ್ತೈತೆ?” ಅಂದರು. ಆಸೆಯಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಆದರೆ ಸುಳ್ಳಿಗೆ ವೈರು ಎಳೆಯುತ್ತ ಹೋದರೆ ಎಲ್ಲಿಯವರೆಗೆ ಎಳೆಯುವುದು?

ಮರುದಿನ ಅವರನ್ನು ಒಬ್ಬರನ್ನೇ ಕರೆಸಿದೆ. ಹೆಡ್‌ಫೋನ್ ಕೊಡಲಿಲ್ಲ. “ಹಂಗೇ ಬಾರ್ಸಿ ನೋಡ್ರಿ” ಅಂದೆ. ಬಾರಿಸಿದರು. ದಿಂಬಿನ ಸದ್ದು. ಮತ್ತೆ ಬಾರಿಸಿದರು, ಅದೇ. ನಾನು ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ, ಪಿಕಪ್ಪು, ಹಳೆಯ ಟೇಪು, ಏನನ್ನೂ ಬಿಡಲಿಲ್ಲ.

ಅವರು ಬೈದಿದ್ದರೆ ಹಗುರಾಗುತ್ತಿತ್ತು. “ಆ ದನಿ ಯಾರದು?” ಅಂತ ಮಾತ್ರ ಕೇಳಿದರು.

“ನಿಮ್ಮದೇ ರಾಜಾಸಾಬ್ರೆ. ಮೂರು ವರ್ಷದ ಹಿಂದಿಂದು.”

“ಹೆಂಡ್ತಿಗೆ ಹೇಳಿದ್ನಲ್ಲೋ, ಕೈ ಬಂತು ಅಂತ” ಅಂದರು. ಜೋಡಿಯನ್ನು ಬಟ್ಟೆಯಲ್ಲಿ ಕಟ್ಟಿ, ಅಂಟಿದ್ದ ಪಿಕಪ್ಪಿನ ಸಮೇತ, ಆಟೋ ಕರೆದು ಹೊರಟುಹೋದರು. ನಾನು ಮೆಟ್ಟಿಲ ಮೇಲೆ ಕೂತೆ. ನನ್ನ ಕೆಲಸದ ಮೇಲೆ ನನಗೇ ಅಷ್ಟು ಹೇಸಿಗೆ ಆದದ್ದು ಮತ್ತೆಂದೂ ಇಲ್ಲ.

ಭಾನುವಾರ ಬೆಳಿಗ್ಗೆ ಕಾರ್ಯಕ್ರಮವಿದ್ದ ಹರಿಹರದ ಕಲ್ಯಾಣ ಮಂಟಪಕ್ಕೆ ಮೈಕಿನ ವ್ಯವಸ್ಥೆ ನಮ್ಮದೇ. ಅವರು ಬರುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆದರೂ ಪೆಟ್ಟಿಗೆ, ಸ್ಯಾಂಪ್ಲರ್ ಎರಡನ್ನೂ ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೋಗಿದ್ದೆ. ನೀಲಮ್ಮನ ಹಿಂದೆ ರಾಜಾಸಾಬರು ಬಂದರು, ಹೊಸ ಟೋಪಿ, ಇಸ್ತ್ರಿ ಮಾಡಿದ ಜುಬ್ಬಾ. ಡಗ್ಗಾಕ್ಕೆ ಪಿಕಪ್ಪು ಹಾಗೇ ಅಂಟಿತ್ತು. ನಾನು ಹತ್ತಿರ ಹೋಗಿ ಮೆಲ್ಲಗೆ, “ವೈರು ಹಾಕಿರ್ತೀನಿ, ಬೇಕಾದ್ರೆ ಇರ್ಲಿ” ಅಂದೆ. ಅವರು ಟೋಪಿ ಸರಿಪಡಿಸಿಕೊಂಡು ವೇದಿಕೆ ಹತ್ತಿದರು. ವೈರು ಹಾಕಿ ಬಂದು ಮಿಕ್ಸರಿನ ಹಿಂದೆ ಕೂತೆ. ಹಳೆಯ ಡಗ್ಗಾದ ದನಿ ಏರಿಳಿಸುವ ಜಾರುಗುಂಡಿ, ಫೇಡರ್, ಕೆಳಗಿತ್ತು. ಒಂದು ಬೆರಳಿನಿಂದ ಏರಿಸಿದರೆ ಸಾಕು.

ಮೊದಲ ಹಾಡು ಶುರುವಾಯಿತು. ನೀಲಮ್ಮನ ದನಿ ಗಂಟೆಯಂತೆ ಬಂತು, ಹಾರ್ಮೋನಿಯಂ ಬಂತು, ಬಲಗೈಯ ತಬಲಾ ಬಂತು. ಡಗ್ಗಾ ಬರಲಿಲ್ಲ. ಅದರ ಮುಂದಿದ್ದ ಮೈಕನ್ನು ಸ್ಪೀಕರು ಕುಂಯ್ ಅನ್ನುವ ತನಕ ಏರಿಸಿದೆ, ಉಪಯೋಗವಾಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ತಬಲಾದವರು ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಯಾರೋ ಕೂಗಿದರು, “ಎಡ ಕೇಳಂಗಿಲ್ರೀ!” ನನ್ನ ಬೆರಳು ಫೇಡರಿನ ಮೇಲೆ ಹೋಯಿತು. ತಲೆ ಎತ್ತಿದರೆ ರಾಜಾಸಾಬರು ನನ್ನನ್ನೇ ನೋಡುತ್ತಿದ್ದರು.

ಹಾಡಿನ ನಡುವೆಯೇ ಕೈ ನಿಲ್ಲಿಸಿದರು. ಪಿಕಪ್ಪಿನ ವೈರನ್ನು ಬಲಗೈಯಿಂದ ಎಳೆದು ಕಿತ್ತು, ಸುತ್ತಿ ಪಕ್ಕಕ್ಕಿಟ್ಟರು. ಆಮೇಲೆ ಡಗ್ಗಾದ ಮೈಕಿಗೆ ಬಗ್ಗಿದರು. “ಲಕ್ವಾ ಹೊಡದೈತ್ರಿ. ಎಡಗೈ ಇರೋದು ಇಷ್ಟೇ. ಕೇಳ್ಬೇಕು ಅನ್ನೋರು ಒಂದೀಟು ಸುಮ್ನೆ ಕೂಡ್ರಿ” ಅಂದರು.

ನೀಲಮ್ಮ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ತೊಟ್ಟಿಲ ಪಕ್ಕ ಹಾಡುವಷ್ಟು ಮೆಲ್ಲಗೆ ಹಾಡು ಎತ್ತಿಕೊಂಡರು. ಹಾರ್ಮೋನಿಯಂನವರು ತಿದಿಯನ್ನು ಮುಟ್ಟಿಯೂ ಮುಟ್ಟದಂತೆ ಒತ್ತಿದರು. ನಾನು ಎಲ್ಲರ ಮೈಕನ್ನೂ ಇಳಿಸಿದೆ. ಹಿಂದೆ ಯಾರೋ ಎದ್ದು ಒಂದು ಫ್ಯಾನ್ ಆರಿಸಿದರು. ಅದನ್ನು ನೋಡಿ ಇನ್ನೊಬ್ಬರು ಇನ್ನೊಂದು ಆರಿಸಿದರು. ಮಾರ್ಚ್ ತಿಂಗಳ ಸೆಕೆ, ಅಷ್ಟು ಜನ, ಒಂದೂ ಫ್ಯಾನಿಲ್ಲ. ಬೆವರು ಒರೆಸಿಕೊಳ್ಳುವ ಟವೆಲ್ಲಿನ ಸದ್ದೂ ಕೇಳುವಷ್ಟು ಮೌನದಲ್ಲಿ ರಾಜಾಸಾಬರ ಎಡಗೈ ಕೇಳಿಸಿತು. ಸಣ್ಣ ದನಿ, ಗುಂಗು ಇರಲಿಲ್ಲ, ಆದರೆ ಪ್ರತಿ ಪೆಟ್ಟೂ ತನ್ನ ಜಾಗದಲ್ಲೇ ಬೀಳುತ್ತಿತ್ತು. ಅವರ ಕೈ ಎಲ್ಲಿಗೆ ಇಳಿಯಿತೋ ಎಲ್ಲರೂ ಅಲ್ಲಿಗೆ ಇಳಿದು ಒಂದೂವರೆ ಗಂಟೆ ಕೂತರು. ಮುಂದಿನ ಸಾಲಿನ ತಬಲಾದವರಲ್ಲಿ ಒಬ್ಬ ಕೊನೆಗೆ ವೇದಿಕೆಗೆ ಹತ್ತಿ ಅವರ ಕಾಲು ಮುಟ್ಟಿದ.

ಸೋಮವಾರ ನಾನು ಸ್ಟುಡಿಯೋ ಬಾಗಿಲು ತೆಗೆಯುವಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು, ಮಡಿಲಲ್ಲಿ ತಬಲಾ ಗಂಟು. “ಎಂಟೂ ಹಾಡು ಮತ್ತೆ ಹಚ್ಚು” ಅಂದರು. ಸಾಹುಕಾರ್ರು, “ಆಗಿದ್ದನ್ನ ಯಾಕ ಕೆಡಿಸ್ತೀರಿ, ಅಷ್ಟು ಚಂದ ಬಂದೈತೆ” ಅಂತ ಗೊಣಗಿದರು. ನೀಲಮ್ಮ ಶಾಲೆಗೆ ರಜ ಹಾಕಿ ಬಂದು ನಿಂತಾಗ ಅವರೂ ಸುಮ್ಮನಾದರು. ಕೆಳಗೆ ಹೋಗಿ ಗಿರಣಿ ಬಸಣ್ಣನ ಹತ್ತಿರ ಮಾತಾಡಿ, ಮಧ್ಯಾಹ್ನದವರೆಗೆ ಬೆಲ್ಟು ಹಾಕದಂತೆ ಅವರೇ ಒಪ್ಪಿಸಿ ಬಂದರು.

ಮೊದಲ ಹಾಡು ಮುಗಿಯಿತು. ರಾಜಾಸಾಬರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಇದ್ರಾಗೆ ಹಳೇದು ಏನಾರ ಐತೇನೋ?”

“ಇಲ್ರಿ. ಎಲ್ಲಾ ಇವತ್ತಿಂದೇ.”

ಹೆಡ್‌ಫೋನ್ ತೆಗೆದು, ಎರಡೂ ಕೈಯಿಂದ ನನ್ನ ಕಿವಿಗೆ ಹಾಕಿದರು. “ಹಂಗಾರೆ ನೀನೂ ಕೇಳು” ಅಂದರು.